ಒಲೆಯ ಹಿಂದಿನ ಗೋಡೆ

ನನ್ನ ಹೆಂಡತಿ ನನ್ನೊಡನೆ ಮಾತು ಬಿಟ್ಟು ಇವತ್ತು ಬೆಳಿಗ್ಗೆಗೆ ಒಂಬತ್ತು ದಿನವಾಗಿತ್ತು. ಮೊದಲ ದಿನ ಮನೆ ಎಷ್ಟು ಪ್ರಶಾಂತ ಎಂದು ಖುಷಿಪಟ್ಟೆ (ಸುಳ್ಳು ಯಾಕೆ ಹೇಳಲಿ). ಮೂರನೆಯ ದಿನಕ್ಕೆ, ಬೈಸಿಕೊಳ್ಳದೆ ಬದುಕುವುದು ಎಷ್ಟು ಕಷ್ಟ ಎಂದು ಅರ್ಥವಾಯಿತು. ತಪ್ಪು ನನ್ನದೇ. ಆದರೆ ಒಳ್ಳೆಯ ಉದ್ದೇಶದಿಂದ ಮಾಡಿದ್ದು. ನನ್ನ ತಪ್ಪುಗಳೆಲ್ಲ ಹಾಗೆಯೇ.

ನಮ್ಮ ಹೊಲದಲ್ಲಿ ಒಂದು ಬಗೆಯ ಸೌತೆ ಬೆಳೆಯುತ್ತೇವೆ. ಗಿಡ್ಡ, ಡೊಂಕು, ಮೈತುಂಬ ಬಿರುಕು. ಅಂಗಡಿಯಲ್ಲಿಟ್ಟರೆ ಗಿರಾಕಿ ಪಕ್ಕದ ಬುಟ್ಟಿಗೆ ಕೈ ಹಾಕುತ್ತಾನೆ. ಆದರೆ ಕಹಿ ಎಂಬುದೇ ಇಲ್ಲ, ಮಳೆ ತಡವಾದರೂ ಬಳ್ಳಿ ಜಗ್ಗುವುದಿಲ್ಲ. ನಮ್ಮಮ್ಮ ತನ್ನ ಅಮ್ಮನಿಂದ ತಂದ ತಳಿ. ಅತ್ತೆ ಸೊಸೆಯರಿಗೆ ಹತ್ತೊಂಬತ್ತು ವರ್ಷ ಒಮ್ಮತವಿದ್ದದ್ದು ಈ ಸೌತೆಯೊಂದರ ವಿಷಯದಲ್ಲಿ (ನನ್ನ ಬುದ್ಧಿಮಟ್ಟದ ವಿಷಯ ಬಿಟ್ಟರೆ).

ಬೀಜ ಉಳಿಸುವ ಕ್ರಮವೂ ಅಮ್ಮನದೇ. ಬಳ್ಳಿಯ ಅತಿ ಚೆಂದದ ಕಾಯನ್ನು ಹಣ್ಣಾಗಲು ಬಿಟ್ಟು, ಅದರ ತಿರುಳನ್ನು ಬೀಜದ ಸಮೇತ ಬೂದಿಯಲ್ಲಿ ಕಲಸಿ, ಒಲೆಯ ಹಿಂದಿನ ಗೋಡೆಗೆ ಬಿಲ್ಲೆ ಬಿಲ್ಲೆಯಾಗಿ ಹೆಬ್ಬೆರಳಿನಿಂದ ಒತ್ತುವುದು. ಹೊಗೆಗೆ ಹುಳ ಹತ್ತುವುದಿಲ್ಲ. ಬಿತ್ತುವ ಕಾಲಕ್ಕೆ ಕೆಳಗಿನ ಸಾಲುಗಳನ್ನು ಕೀಳುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಸಾಲನ್ನು ಮಾತ್ರ ನನ್ನ ಹೆಂಡತಿ ಆರು ವರ್ಷದಿಂದ ಮುಟ್ಟಿರಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ.

ಹೀಗಿರುವಾಗ ಕೃಷಿ ಕಚೇರಿಯಿಂದ ಫೋನು ಬಂತು. ಹಳೆಯ ತಳಿ ಉಳಿಸಿಕೊಂಡ ಮನೆಗಳಿಗೆ 'ತಳಿ ಸಂರಕ್ಷಕರು' ಎಂಬ ಫಲಕ ಕೊಡುತ್ತಾರಂತೆ. ಸೋಮವಾರ ಮೇಡಂ ಬಂದು ನೋಡಿ, ಫೋಟೊ ತೆಗೆಯುತ್ತಾರಂತೆ. ನನ್ನ ಎದೆ ಎರಡಂಗುಲ ಉಬ್ಬಿತು.

"ಈ ಗೋಡೆ ನೋಡಿದ್ರೆ ಮೇಡಂ ಏನಂದುಕೊಳ್ತಾರೆ?" ಎಂದೆ.

"ಅಡುಗೆ ಮಾಡೋ ಮನೆ ಅಂದುಕೊಳ್ತಾರೆ."

"ಮಸಿ, ಬೂದಿ, ಎರಡು ತಲೆಮಾರಿನ ಕೊಳೆ ಕಣೇ!"

"ಕೊಳೆ ಅಲ್ಲ ರೀ ಅದು. ಗೋಡೆಗೆ ಕೈ ಹಚ್ಚಬೇಡಿ. ಹಚ್ಚಲೇಬೇಕು ಅನ್ಸಿದ್ರೆ ಪಾತ್ರೆಗಳಿಗೆ ಹಚ್ಚಿ."

ಭಾನುವಾರ ಅವಳು ತರಕಾರಿ ಮಾರಲು ಸಂತೆಗೆ ಹೋದಳು. ನಾನು ಪೇಂಟ್ ಅಂಗಡಿಗೆ ಹೋದೆ. "ಇದನ್ನ ಬಳಿದ್ರೆ ಮಸಿ, ಎಣ್ಣೆ, ಕೊಳೆ ಏನೂ ಅಂಟಲ್ಲ ಸಾರ್. ಗ್ಯಾರಂಟಿ," ಎಂದ ಅಂಗಡಿಯವನು. ಬಿಲ್ಲೆಗಳನ್ನೆಲ್ಲ ಕೆರೆದು ತೆಗೆದೆ. ಕಪ್ಪಾದ ಬೀಜ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಸೋಪಿನ ನೀರಲ್ಲಿ ಹಾಕಿ, ಕುದಿಸಿ, ತಿಕ್ಕಿ, ಒರೆಸಿ, ಮೂರು ಗಾಜಿನ ಬಾಟಲಿಗಳಲ್ಲಿ ತುಂಬಿ, ದುಂಡಗಿನ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ಗೋಡೆ ಹಾಲಿನಂತೆ ಹೊಳೆಯಿತು.

ಸಂತೆಯಿಂದ ಬಂದ ಹೆಂಡತಿ ಗೋಡೆ ನೋಡಿದಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಅಲ್ಲಿಂದ ಶುರುವಾಯಿತು ಮೌನ.

ಸೋಮವಾರ ಮೇಡಂ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಎಷ್ಟು ಸ್ವಚ್ಛವಾಗಿದೆ! ಹೇಗೆ ಶುಚಿ ಮಾಡಿದ್ರಿ?"

"ಚೆನ್ನಾಗಿ ಕುದಿಸಿದೆ ಮೇಡಂ," ಎಂದೆ ಹೆಮ್ಮೆಯಿಂದ.

ಅವರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. "ಬೆಂದ ಬೀಜ ಮೊಳೆಯಲ್ಲ ಸಾರ್," ಎಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಆಗ ಬೇಲಿಯಾಚೆಯಿಂದ ಅತ್ತಿಗೆ ಕೂಗಿದಳು, "ಮೇಡಂ, ಇಲ್ಲಿ ಬನ್ನಿ, ಇಲ್ಲಿದೆ!" ಅಣ್ಣನಿಗೂ ನನಗೂ ಆ ಬೇಲಿಯ ವಿಷಯಕ್ಕೆ ನಾಲ್ಕು ವರ್ಷದಿಂದ ಜಗಳ. ಈ ಮನೆಯ ಒಂದು ಬೀಜವೂ ಆ ಕಡೆ ದಾಟಕೂಡದು ಎಂದು ನಾನು ಘನಘೋರ ಆಜ್ಞೆ ಹೊರಡಿಸಿದ್ದೆ. ಹೋಗಿ ನೋಡಿದರೆ ಅತ್ತಿಗೆಯ ಅಡುಗೆಮನೆಯ ಗೋಡೆ ತುಂಬ ಬೂದಿ ಬಿಲ್ಲೆ!

"ವರ್ಷಾ ವರ್ಷಾ ನಿನ್ನ ಹೆಂಡತೀನೇ ತಂದುಕೊಡ್ತಾಳೆ," ಎಂದಳು ಅತ್ತಿಗೆ. "ಒಂದೇ ಮನೇಲಿ ಬೀಜ ಇಟ್ಟರೆ ಭಯ ಅಕ್ಕಾ, ನಮ್ಮನೇಲಿ ಗಂಡಸು ಇದ್ದಾರೆ ಅಂದಳು."

ಫಲಕ ಅಣ್ಣನ ಬಾಗಿಲ ಮೇಲೇರಿತು. ಏಣಿ ಹಿಡಿದುಕೊಂಡವನು ನಾನು. ಬರುವಾಗ ಅತ್ತಿಗೆ ಬೀಜಕ್ಕೆಂದು ಬಿಟ್ಟಿದ್ದ ಒಂದು ಸೌತೆಯನ್ನು ನನ್ನ ಕೈಗೆ ಕೊಡದೆ ನನ್ನ ಹೆಂಡತಿಯ ಮಡಿಲಿಗೆ ಹಾಕಿ, "ಇನ್ನೊಂದು ವಾರ ಹಣ್ಣಾಗಲಿ," ಎಂದಳು.

ಇವತ್ತು ಬೆಳಿಗ್ಗೆ ಆ ಹಣ್ಣನ್ನು ಹೆಚ್ಚಿ ಬೂದಿ ಕಲಸುತ್ತಿದ್ದ ಹೆಂಡತಿಯನ್ನು ಕೇಳಿಯೇಬಿಟ್ಟೆ. "ಬೀಜ ವಾಪಸ್ ಬಂತಲ್ಲ, ಇನ್ನೂ ಯಾಕೆ ಮುಖ ಊದಿಸಿಕೊಂಡಿದ್ದೀಯ?"

"ಬೀಜ ಬಂತು ರೀ," ಎಂದಳು. ಒಂಬತ್ತು ದಿನದ ಮೇಲೆ ಕೇಳಿದ ದನಿ ಒಡೆದಿತ್ತು. "ಮೇಲಿನ ಸಾಲು ಅತ್ತೆ ಕೊನೇ ವರ್ಷ ಒತ್ತಿದ್ದು. ಒಂದೊಂದರಲ್ಲೂ ಅವರ ಹೆಬ್ಬೆಟ್ಟಿನ ಗೆರೆ ಇತ್ತು. ಅದನ್ನ ಯಾರ ಮನೆಯಿಂದ ತರ್ತೀರಿ?"

ಅಮ್ಮನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅವಳು ತನ್ನ ಗುರುತು ಬಿಟ್ಟುಹೋದದ್ದು ಆ ಗೋಡೆಯ ಮೇಲೆ ಮಾತ್ರ. ಡಿಗ್ರಿ ಓದಿದ ಮಗ ನಾನು ಅದನ್ನು ಸೋಪು ಹಾಕಿ ತೊಳೆದಿದ್ದೆ. ನನಗೆ ಅಳು ಬಂತು.

ಹೆಂಡತಿ ಒಂದು ಬೂದಿಯುಂಡೆ ನನ್ನ ಕೈಗಿಟ್ಟಳು. "ಒತ್ತಿ."

ಹೆಬ್ಬೆರಳಿನಿಂದ ಒತ್ತಿದೆ. ಬಿಲ್ಲೆ ಒಂದು ಕ್ಷಣ ನಿಂತು, ಹಾಲುಬಿಳುಪಿನ ಗೋಡೆಯ ಮೇಲೆ ಜಾರಿ ಕೆಳಗೆ ಬಿತ್ತು. ಇನ್ನೊಂದು ಒತ್ತಿದೆ, ಅದೂ ಬಿತ್ತು. ಪೇಂಟ್ ಅಂಗಡಿಯವನು ಕೊಟ್ಟ ಮಾತಿಗೆ ತಪ್ಪಿರಲಿಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಲೆಯಲ್ಲಿದ್ದ ಕೆರೆಯುವ ತಗಡನ್ನು ತಂದುಕೊಟ್ಟಳು. "ಕೆರೆಯೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ಬೆಳಿಗ್ಗೆಯಿಂದ ಕೆರೆಯುತ್ತಿದ್ದೇನೆ. ಮೇಲಿನ ಮೂಲೆಯಲ್ಲಿ ಮಾತ್ರ ತೀರ ನಿಧಾನ, ಬಣ್ಣದ ಕೆಳಗೆ ಅಮ್ಮ ಎಲ್ಲಾದರೂ ಉಳಿದಿದ್ದಾಳೇನೋ ಎಂದು.