ಇಲ್ಲದ ಬ್ರೇಕು

"ಅಮ್ಮಾ, ಅಪ್ಪ ಯಾಕೆ ನೆಲ ಒದೀತಾರೆ?"

ಸೈಕಲ್ ಕಲಿಯಲೆಂದು ಅಪ್ಪನ ಜೊತೆ ಬೀದಿಗಿಳಿದ ಆರು ವರ್ಷದ ಮಗಳು ಹತ್ತೇ ನಿಮಿಷಕ್ಕೆ ಅಡುಗೆಮನೆಗೆ ಓಡಿಬಂದು ಕೇಳಿದ ಪ್ರಶ್ನೆ ಇದು. ಏನಂತ ಹೇಳಲಿ? ನಮ್ಮೆಜಮಾನರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ಇವರಿಗೊಂದು ಬ್ರೇಕು. ಹನ್ನೆರಡು ವರ್ಷ ತುಳಿದೂ ತುಳಿದೂ ಬಲಗಾಲಿಗೆ ಸ್ವಂತ ಬುದ್ಧಿ ಬಂದಿದೆ (ಕಾಲಿನ ಮಾಲೀಕರಿಗೆ ಬಂದಿದ್ದರೆ ಇನ್ನೂ ಚೆನ್ನಾಗಿತ್ತು). ಒಲೆಯ ಮೇಲೆ ಹಾಲು ಉಕ್ಕಿದರೂ ಇವರು ಸೋಫಾದಲ್ಲಿ ಕೂತೇ ನೆಲ ತುಳಿಯುತ್ತಾರೆ. ಸ್ಕೂಲಿನ ಬೋರ್ಡಿನಲ್ಲೂ ಅದನ್ನೇ ಬರೆಸಿದ್ದಾರೆ: 'ಭಯ ಬೇಡ, ಬ್ರೇಕು ನಮ್ಮ ಕಾಲಡಿಯಲ್ಲಿದೆ!'

ಇವರ ಶಿಷ್ಯಕೋಟಿಯಲ್ಲಿ ಮೊದಲ ಸಲಕ್ಕೇ ಟೆಸ್ಟ್ ಪಾಸಾದ ಏಕೈಕ ಮಹಿಳೆ ನಾನು. ಬೀರುವಿನಲ್ಲಿ ಲೈಸೆನ್ಸಿನ ಜಾಗ ಚಿನ್ನದ ಸರದ ಪಕ್ಕ. ಆ ಧೈರ್ಯದಿಂದಲೇ ಹೊರಗೆ ಬಂದೆ.

"ಮೊದ್ಲು ಹಿಂದೆ ನೋಡು, ಆಮೇಲೆ ಕೈ ತೋರ್ಸು, ಆಮೇಲೆ ಹೊರಡು," ಎಂದು ಉಪದೇಶ ನಡೆದಿತ್ತು.

"ಕೈ ಬಿಟ್ರೆ ಬೀಳ್ತೀನಲ್ಲಪ್ಪಾ?"

"ರೀ, ಮಗು ಮೊದ್ಲು ಪೆಡಲ್ ತುಳೀಲಿ ಬಿಡ್ರೀ."

"ನಿಂಗೆ ಕಲಿಸಿದ್ದು ಯಾರೇ?"

"ನೀವೇ. ಪಾಸಾಗಿದ್ದು ಮಾತ್ರ ನಾನು."

ನಮ್ಮ ವಾಗ್ಯುದ್ಧದ ನಡುವೆ ಚೂಟಿ ಮಗು ತನ್ನ ಪಾಡಿಗೆ ಹೊರಟೇಬಿಟ್ಟಿತು. ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಇವರು ಹಿಂದೆಯೇ ಓಡಿದರು. "ಬ್ರೇಕ್! ಬ್ರೇಕ್!" ಎಂದು ಕಿರುಚುತ್ತಾ, ಹನ್ನೆರಡು ವರ್ಷದ ಸಮಸ್ತ ಅನುಭವವನ್ನೂ ಬಲಗಾಲಿಗೆ ತುಂಬಿ, ಫುಟ್‌ಪಾತಿನ ಅಂಚುಗಲ್ಲನ್ನು ತುಳಿದರು. ಕಲ್ಲು ಜಗ್ಗಲಿಲ್ಲ. ಕಾಲು ಉಳುಕಿತು, ಮೇಷ್ಟ್ರು ಅಂಗಾತ ಬಿದ್ದರು.

ಮಗಳು ಟ್ಯಾಂಕರಿಗೆ ಒಂದು ಮೊಳ ದೂರದಲ್ಲಿ ಗಕ್ಕನೆ ನಿಲ್ಲಿಸಿ, ತಿರುಗಿ ಬೆಲ್ ಹೊಡೆದಳು. "ಅಪ್ಪಾ, ಬ್ರೇಕ್ ಕೈಯಲ್ಲಿದೆ!"

ಈಗ ಇವರು ಸೋಫಾದಲ್ಲಿ ಕೂತು, ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟಿದ್ದಾರೆ. ಪಾಪ, ಊದಿಕೊಂಡಿದೆ. ದನಿ ಮಾತ್ರ ಬೆಲ್ಲದ ಪಾಕ.

"ಏನೇ, ನಾಳೆ ಹೊಸ ಬ್ಯಾಚ್ ಶುರು ಕಣೇ. ಸೈಕಲ್ ಕಲಿಸೋಕೆ ಹೋಗಿ ಬಿದ್ದೆ ಅಂದ್ರೆ ಒಬ್ರೂ ಉಳಿಯಲ್ಲ."

"ಅದಕ್ಕೆ?"

"ಯಾರಾದ್ರೂ ಕೇಳಿದ್ರೆ, 'ನಂಗೆ ಕಾರು ಕಲಿಸುವಾಗ ಆಗಿದ್ದು' ಅಂತ ನೀನೇ ಹೇಳ್ಬಿಡು."

"ನಂಗೆ ಲೈಸೆನ್ಸ್ ಇದೆಯಲ್ರೀ!"

"ಅದನ್ನ ಸ್ವಲ್ಪ ದಿನ ಬೀರುವಿನಿಂದ ಹೊರಗೆ ತೆಗೀದೇ ಇರ್ತೀಯಾ, ಪ್ಲೀಸ್?"