ಮಹಾರಾಜರಿಗೊಂದು ರಜಾ ಅರ್ಜಿ

ಮಧುಸೂದನನ ಹದಿನೈದು ದಿನದ ರಜಾ ಅರ್ಜಿ ಮೈಕಲ್ ಸಾಹೇಬರ ಮೇಜಿನ ಮೇಲೆ ಆರು ವಾರದಿಂದ ಕೂತಿತ್ತು. ಅದರ ಕೆಳಗೆ ಶೈಲೇಶನ ಅರ್ಜಿಯೂ ಕೂತಿತ್ತು. ಎರಡೂ ಏಪ್ರಿಲ್ ತಿಂಗಳಿನದೇ. ಕೊಲ್ಲಿ ದೇಶದ ಸಬ್ಹಾನ್‌ನಲ್ಲಿರುವ ಅವರ ಕಾರ್ಖಾನೆಯಲ್ಲಿ ಏಪ್ರಿಲ್ ಅಂದರೆ ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಕಾಲ. ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬ ಊರಿಗೆ ಹೋಗಬಹುದು, ಇನ್ನೊಬ್ಬ ಇರಲೇಬೇಕು. ಯಾರು ಹೋಗಬೇಕೆಂದು ಹೇಳಬೇಕಾದ ಮೈಕಲ್ ಸಾಹೇಬರು ಮಂಗಳೂರಿನ ಕಡೆಯ ಬಹಳ ಒಳ್ಳೆಯ ಮನುಷ್ಯ. ಒಳ್ಳೆಯವರಾದ್ದರಿಂದ ಯಾರಿಗೂ ಇಲ್ಲ ಅನ್ನಲಾರರು. ಒಬ್ಬರಿಗೆ ಇಲ್ಲ ಅನ್ನದೆ ಇನ್ನೊಬ್ಬರಿಗೆ ಹೂಂ ಅನ್ನುವುದು ಹೇಗೆಂದು ಅವರಿಗಿನ್ನೂ ಹೊಳೆದಿರಲಿಲ್ಲ.

ಮಧುಸೂದನನಿಗೆ ಇದು ಸಣ್ಣ ವಿಷಯವಲ್ಲ. ಮೈಸೂರಿನಲ್ಲಿ ಅವನು ನಾಲ್ಕು ವರ್ಷದಿಂದ ಫೋನಿನಲ್ಲೇ ಒಂದು ಮನೆ ಕಟ್ಟಿಸಿದ್ದ. ಬಚ್ಚಲಿನ ಟೈಲ್ಸಿನ ನಂಬರು ಸಹ ಬಾಯಿಪಾಠವಾಗಿತ್ತು, ಆದರೆ ಹೊಸಿಲು ಮಾತ್ರ ದಾಟಿರಲಿಲ್ಲ. ಏಪ್ರಿಲ್ ಕೊನೆಯ ವಾರ ಗೃಹಪ್ರವೇಶ. ಅವನು ಹೋಗದಿದ್ದರೆ ಹೋಮಕ್ಕೆ ಕೂರುವವನು ಅವನ ಷಡ್ಡಕ. ಹಾಲು ಉಕ್ಕಿಸುವವನೂ ಅವನೇ. ಆಮೇಲೆ ಬದುಕಿರುವತನಕ ಪ್ರತಿ ಮದುವೆ ಮನೆಯಲ್ಲೂ ಆ ಮನೆಗೆ ಮೊದಲು ಕಾಲಿಟ್ಟವನು ತಾನೇ ಎಂದು ಹೇಳಿಕೊಂಡು ತಿರುಗುವವನೂ ಅವನೇ.

ಹೀಗಿರುವಾಗ ಮಗಳು ಯಾಮಿನಿಯ ಇಂಗ್ಲಿಷ್ ಶಾಲೆಯಿಂದ ಒಂದು ಸುತ್ತೋಲೆ ಬಂತು. ಐನೂರು ವರ್ಷದ ಹಿಂದೆ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಮನೆತನದ ಕಾಲದಲ್ಲಿ ಜನ ಹೇಗೆ ಬದುಕಿದ್ದರೆಂದು ತಿಳಿಯಲು ಮಕ್ಕಳೂ ತಂದೆತಾಯಂದಿರೂ ಒಂದು ವಾರಾಂತ್ಯ ಹಾಗೆಯೇ ಬದುಕಬೇಕಂತೆ. ಜಾಗ, ಜಹ್ರಾದಾಚೆ ಬಾಡಿಗೆಗೆ ಹಿಡಿದ ಒಂದು ತೋಟ. ಫೋನು ಗೇಟಿನಲ್ಲೇ ಒಪ್ಪಿಸಬೇಕು. ಆ ಕಾಲದಲ್ಲಿ ಅಲ್ಲಿರಲಿಲ್ಲವೆಂದು ಅಡುಗೆಗೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಇಲ್ಲ. ಕಾಫಿಯ ಹೆಸರೇ ಎತ್ತುವಂತಿಲ್ಲ. ಮಧುಸೂದನ ಅದನ್ನು ಮಡಿಸಿ ಎಸೆಯುವುದರಲ್ಲಿದ್ದ. ಕೊನೆಯ ಎರಡು ಸಾಲು ಅವನ ಕೈ ಹಿಡಿದವು. ರಾಜನ ಪಾತ್ರ ಅದೇ ಶಾಲೆಗೆ ಮಗುವನ್ನು ಕಳಿಸುವ ಮೈಕಲ್ ಸಾಹೇಬರದು. ಶನಿವಾರ ಮಧ್ಯಾಹ್ನ ರಾಜಸಭೆ. ಪ್ರಜೆಗಳು ತಂದ ಅರ್ಜಿಗಳನ್ನು ಮಹಾರಾಜರು ಅಲ್ಲೇ, ಆಗಲೇ ಇತ್ಯರ್ಥ ಮಾಡತಕ್ಕದ್ದು.

ಮೈಕಲ್ ಸಾಹೇಬರು ಆಗಲೇ ಇತ್ಯರ್ಥ ಮಾಡುವ ಇಂಥ ಸಂದರ್ಭ ಇನ್ನು ಹುಟ್ಟಿಬಂದರೂ ಸಿಗಲಾರದು ಎಂದು ಮಧುಸೂದನನಿಗೆ ಅನಿಸಿತು. ಅಂದೇ ಅಬ್ಬಾಸಿಯಾಕ್ಕೆ ಹೋಗಿ ಟೈಲರ್ ಶಬೀರನಿಗೆ ಯಾಮಿನಿಯ ಪಠ್ಯಪುಸ್ತಕದಲ್ಲಿದ್ದ ಆ ಕಾಲದ ಉಡುಪಿನ ಚಿತ್ರ ತೋರಿಸಿದ. ಶಬೀರ್ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ಹಳೆಯ ದಿಂಬಿನ ಹತ್ತಿ ತುರುಕಿ, ಬೂದುಗುಂಬಳಕಾಯಿಯ ಹಾಗೆ ಊದಿದ ಒಂದು ಚಡ್ಡಿ ಹೊಲಿದುಕೊಟ್ಟ. ಅದರಲ್ಲಿ ನಿಲ್ಲಬಹುದಿತ್ತು, ಕೂರಲು ಆಗುತ್ತಿರಲಿಲ್ಲ. ಮಧುಸೂದನನಿಗೆ ಕೂರುವ ಉದ್ದೇಶವೂ ಇರಲಿಲ್ಲ. ಮಹಾರಾಜರ ಬಗಲಲ್ಲೇ ಇರಬಹುದೆಂದು ಅವನು ಊಟದ ಸೇವಕನ ಕೆಲಸವನ್ನು ಕೇಳಿ ಪಡೆದಿದ್ದ.

ಶನಿವಾರ ಬೆಳಿಗ್ಗೆಯಿಂದ ಅವನು ಪಟ್ಟ ಪಾಡು ಹೇಳತೀರದು. ಮಹಾರಾಜರ ಕೈಗೆ ನೀರು ಹಾಕಿದ, ಬೆವರೊರೆಸಿದ, ಮರಳುಗಾಳಿ ಎದ್ದಾಗ ತನ್ನ ಮೇಲಂಗಿ ಬಿಚ್ಚಿ ಅವರ ತಟ್ಟೆಗೆ ಮುಚ್ಚಿದ. ವಿಷವಿದೆಯೋ ಎಂದು ಪ್ರತಿ ತಿನಿಸನ್ನೂ ಮೊದಲು ಸೇವಕನೇ ರುಚಿ ನೋಡಬೇಕಿತ್ತು. ಹುಟ್ಟು ಸಸ್ಯಾಹಾರಿಯಾದ ಮಧುಸೂದನ ಹುರಿದ ಕೋಳಿಯ ಕಾಲನ್ನು ದೂರದಿಂದ ಮೂಸಿ, ಉಸಿರು ಬಿಗಿಹಿಡಿದು, ಪರವಾಗಿಲ್ಲ ಎಂದು ತಲೆಯಾಡಿಸಿದ. ಮೂಗಿನಿಂದ ವಿಷ ಪತ್ತೆ ಮಾಡುವ ಸೇವಕ ಯಾವ ದೇಶದವನು ಎಂದು ಶೈಲೇಶನ ಹೆಂಡತಿ ಅಪ್ಪಿ ಎಲ್ಲರಿಗೂ ಕೇಳುವಂತೆ ಕೇಳಿದಳು. ಅವಳು ಹಾಗೇ, ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಅವಳಿಗೆ ಬೇಕು. ಶೈಲೇಶ ಮಾತ್ರ ದನ ಕಾಯುವವನ ವೇಷದಲ್ಲಿ ಖರ್ಜೂರದ ಮರದ ಕೆಳಗೆ ತೆಪ್ಪಗೆ ಕೂತಿದ್ದ.

ಮಧ್ಯಾಹ್ನ ಸಭೆ ಸೇರಿತು. ಕೆಂಪು ಉಲ್ಲನ್ನಿನ ಗಡ್ಡ ಅಂಟಿಸಿಕೊಂಡು ತಲೆಯ ಮೇಲೆ ಕಿರೀಟ ಇಟ್ಟದ್ದೇ ತಡ, ಮೈಕಲ್ ಸಾಹೇಬರು ಬೇರೆ ಮನುಷ್ಯರೇ ಆದರು. ಕುರಿ ಕದ್ದವನಿಗೆ ಶಿಕ್ಷೆ ಕೊಟ್ಟರು, ರೊಟ್ಟಿ ಸುಟ್ಟವಳನ್ನು ಕ್ಷಮಿಸಿದರು, ಒಂದಕ್ಕೂ ಅರೆನಿಮಿಷ ತಡಮಾಡಲಿಲ್ಲ. ಮಧುಸೂದನ ನಡುಬಗ್ಗಿಸಿ, ಸುರುಳಿ ಸುತ್ತಿದ ಕಾಗದ ಬಿಚ್ಚಿ ಮುಂದೆ ಹಿಡಿದ. ಅದು ಕಂಪೆನಿಯ ಅಸಲು ರಜಾ ಫಾರಂ. ಸಾಹೇಬರು ಓದಿದರು, ನಕ್ಕರು, ಹಕ್ಕಿಯ ಗರಿಯನ್ನು ಮಸಿಯಲ್ಲಿ ಅದ್ದಿ ಮಂಜೂರು ಎಂದು ಬರೆದು ಕೆಂಪು ಅರಗಿನ ಮುದ್ರೆಯನ್ನೂ ಒತ್ತಿದರು.

ಮಧುಸೂದನನಿಗೆ ಕುಣಿಯಬೇಕೆನಿಸಿತು. ಚಡ್ಡಿ ಬಿಡಲಿಲ್ಲ.

ಆದರೆ ಸುತ್ತೋಲೆಯ ಹಿಂದಿನ ಪುಟವನ್ನು ಅವನು ಓದಿರಲಿಲ್ಲ. ಚರಿತ್ರೆ ಪಾಠದ ಟೀನಾ ಟೀಚರ್ ಗಂಟೆ ಬಾರಿಸಿ, ಮಹಾರಾಜರು ಈಗ ಕಾಲವಾದರು ಎಂದು ಘೋಷಿಸಿದರು. ಸಾಹೇಬರು ಸಂತೋಷದಿಂದ ಜಮಖಾನೆಯ ಮೇಲೆ ಅಂಗಾತ ಮಲಗಿದರು. ಇನ್ನು ಮಹಾರಾಜರ ಮೂವರು ಮಕ್ಕಳ ಪಾತ್ರದವರು ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬರುತ್ತಾರೆ, ಹಿಂದಿನವರ ಆಜ್ಞೆಯನ್ನು ಉಳಿಸಬಹುದು ಇಲ್ಲವೇ ಹರಿದುಹಾಕಬಹುದು, ನಿಜವಾದ ಚರಿತ್ರೆಯಲ್ಲೂ ಹೀಗೇ ಆಗಿತ್ತು ಎಂದು ಟೀಚರ್ ವಿವರಿಸಿದರು.

ಮೊದಲು ಬಂದವನು ಬಾಲಕ ರಾಜ. ಆರು ವರ್ಷದ ಹುಡುಗ; ಮೂಗೊರೆಸಿಕೊಂಡು ಎಲ್ಲವೂ ಇರಲಿ ಎಂದು ಹೇಳಿ ಓಡಿಹೋದ. ಅಷ್ಟರಲ್ಲಿ ಅಪ್ಪಿಗೆ ಆ ಕಾಗದ ನಾಟಕದ್ದಲ್ಲವೆಂದು ಗೊತ್ತಾಗಿತ್ತು. ಅವಳ ತಮ್ಮನ ಮದುವೆಯೂ ಏಪ್ರಿಲ್‌ನಲ್ಲೇ. ಎರಡನೆಯ ದೊರೆ, ಅಂದರೆ ಹಿರಿಯ ರಾಣಿ, ಬೇರೆ ಯಾರೂ ಅಲ್ಲ, ಅವಳ ಮಗಳೇ. ಅಪ್ಪಿ ಸಿಂಹಾಸನದ ಹಿಂದೆ ಹೋಗಿ ಏನೋ ಪಿಸುಗುಟ್ಟಿದಳು. ಹಿರಿಯ ರಾಣಿ ಮಧುಸೂದನನ ಫಾರಮ್ಮನ್ನು ಅರಗಿನ ಮುದ್ರೆಯ ಸಮೇತ ನಾಲ್ಕು ಚೂರು ಮಾಡಿ, ತನ್ನ ಅಪ್ಪನಿಗೆ ರಜೆ ಮಂಜೂರು ಮಾಡಿದಳು.

ಮಧುಸೂದನ ಜಮಖಾನೆಯ ಹತ್ತಿರ ಓಡಿ ಸಾಹೇಬರ ಕಿವಿಯಲ್ಲಿ ಗೋಗರೆದ. ಸಾಹೇಬರು ಕಣ್ಣು ಬಿಡಲಿಲ್ಲ.

"ನಾನು ಸತ್ತಾಗಿದೆ ಮಾರಾಯಾ, ನನ್ನನ್ನು ಎಂತ ಕೇಳುದು?" ಎಂದರು. ಆರು ವಾರದ ಭಾರ ಇಳಿದ ಸುಖ ಆ ಹೆಣದ ಮುಖದಲ್ಲಿತ್ತು. "ಕಡೆಯ ರಾಣಿ ಯಾರಿಗೆ ಕೊಡ್ತಾಳೋ ಅವರಿಗೆ ನಾನು ನಾಳೆ ಭಾನುವಾರ ಆಫೀಸು ತೆರೆದ ಕೂಡಲೇ ಸೈನ್ ಹಾಕ್ತೇನೆ. ದೇವರಾಣೆ."

ಕಡೆಯ ರಾಣಿ ಅಂದರೆ ಯಾಮಿನಿ. ಮಧುಸೂದನನ ಜೀವ ಮರಳಿ ಬಂತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಹರಿದ ಫಾರಂ ಕಾಲಬುಡದಲ್ಲಿ ಹಾರಾಡುತ್ತಿರುವಾಗ ಸುಮ್ಮನಿರುವುದು ಮನುಷ್ಯಮಾತ್ರದವನಿಂದ ಆಗುವ ಕೆಲಸವಲ್ಲ. ಅವನು ಸಭೆಯ ನಡುವೆ ನಿಂತು ದನಿ ಏರಿಸಿದ.

"ಟೀಚರ್, ಇದ್ಯಾವ ನ್ಯಾಯ? ಪಟ್ಟದಲ್ಲಿ ಕೂತವರು ಸ್ವಂತ ಅಪ್ಪನಿಗೇ ಕೊಟ್ಕೊಂಡ್ರೆ ಬೇರೆ ಪ್ರಜೆಗಳು ಎಲ್ಲಿಗೆ ಹೋಗ್ಬೇಕು? ಹಂಗೆ ಕೊಡಬಾರದು ಅಂತ ಒಂದು ರೂಲ್ ಮಾಡಿ."

ಅವನು ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ, ಇನ್ನೂ ಚೆನ್ನಾಗಿ ಹೇಳಿದ. ಸಭೆ ಚಪ್ಪಾಳೆ ತಟ್ಟಿತು. ಟೀನಾ ಟೀಚರ್‌ಗೆ ಇಂಥ ತಂದೆಯೊಬ್ಬ ಸಿಕ್ಕಿದ್ದು ಬಹಳ ಹಿಡಿಸಿತು. ರಕ್ತಸಂಬಂಧಿಗಳಿಗೆ ಯಾವ ದೊರೆಯೂ ಏನನ್ನೂ ಕೊಡುವಂತಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಸಿಂಹಾಸನದ ಮೇಲೆ ಅಂಟಿಸಿದರು. ಶೈಲೇಶನ ರಜೆ ರದ್ದಾಯಿತು. ಮಧುಸೂದನನ ಹೆಂಡತಿ ಪಾವನಾ ಅಡುಗೆಯ ಗುಡಾರದಿಂದ ಗಂಡನತ್ತ ನೋಡಿ ಹಣೆ ಚಚ್ಚಿಕೊಂಡಳು. ಅವಳಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ. ಅವನಿಗೆ ಅರ್ಥವಾಗುವ ಹೊತ್ತಿಗೆ ಯಾಮಿನಿ ಸಿಂಹಾಸನದಲ್ಲಿ ಕೂತಾಗಿತ್ತು.

ಒಂಬತ್ತು ವರ್ಷದ ರಾಣಿ ಇಬ್ಬರು ಅರ್ಜಿದಾರರನ್ನೂ ಮುಂದೆ ಕರೆದು ನಿಲ್ಲಿಸಿದಳು. ಅಪ್ಪನನ್ನು ನೋಡಿದಳು, ತಲೆಯ ಮೇಲಿನ ಹಾಳೆಯನ್ನು ನೋಡಿದಳು.

"ಹೀ ಈಸ್ ಮೈ ಡ್ಯಾಡ್," ಎಂದಳು. "ಸೋ ಐ ಕಾಂಟ್." ಶೈಲೇಶನ ಕಡೆ ರಾಜದಂಡದ ಕೋಲು ತೋರಿಸಿ, ರಜೆ ಆ ಅಂಕಲ್‌ಗೆ ಎಂದುಬಿಟ್ಟಳು.

ಸಭೆಯೆಲ್ಲ ಎದ್ದು ನಿಂತಿತು. ಟೀನಾ ಟೀಚರ್ ಕಣ್ಣೊರೆಸಿಕೊಂಡರು. ಮಧುಸೂದನನೂ ಚಪ್ಪಾಳೆ ತಟ್ಟಿದ, ತಟ್ಟದೆ ದಾರಿಯಿರಲಿಲ್ಲ. ಮನೆ ಹೋಯಿತಲ್ಲ ಎಂಬ ಸಂಕಟವಿತ್ತು. ಆದರೂ ಅಷ್ಟು ಜನರೆದುರು ಅಷ್ಟು ನೆಟ್ಟಗೆ ಕೂತು ನ್ಯಾಯ ಹೇಳಿದ್ದು ತನ್ನ ಮಗಳು ಎಂಬ ಹೆಮ್ಮೆಯೂ ಇತ್ತು. ಎರಡರಲ್ಲಿ ಯಾವುದಕ್ಕೆ ಕಣ್ಣು ತುಂಬಿತೆಂದು ಅವನಿಗೇ ತಿಳಿಯಲಿಲ್ಲ. ಯಾಮಿನಿ ಕೆಳಗಿಳಿದು ಬಂದು ಸರಿ ಮಾಡಿದೆನಾ ಎಂದು ಕೇಳಿದಾಗ, ಬಹಳ ಸರಿ ಮಾಡಿದೆ ಕಣಮ್ಮ ಎಂದು ತಲೆ ಸವರಿದ.

ಸಂಜೆ ಗೇಟಿನ ಹತ್ತಿರ ಫೋನುಗಳನ್ನು ವಾಪಸು ಕೊಡುತ್ತಿದ್ದರು. ಶೈಲೇಶ ಅವನನ್ನು ವಾಹನಗಳ ಮರೆಗೆ ಎಳೆದುಕೊಂಡು ಹೋದ. ಗೆದ್ದವನ ಮುಖ ಅವನದಾಗಿರಲಿಲ್ಲ.

"ಏನ್ ಕೆಲ್ಸ ಮಾಡಿದ್ರಿ ಸಾರ್," ಎಂದ. "ಸಿಗಬಾರದು ಅಂತಾನೇ ನಾನು ಅರ್ಜಿ ಹಾಕಿದ್ದು. ಮದುವೆ ಅಂತ ಹೋದ್ರೆ ಹದಿನೈದು ದಿನ ಮಾವನ ಮನೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ವಾಕಿಂಗ್ ಕರ್ಕೊಂಡು ಹೋಗಿ, ದಾರಿಯುದ್ದಕ್ಕೂ ಅವರ ಕೋರ್ಟ್ ಕೇಸ್ ಹೇಳ್ತಾರೆ. ನಿಮ್ದು ಗೃಹಪ್ರವೇಶ, ನಿಮಗೇ ಸಿಗುತ್ತೆ, ಅಪ್ಪಿಗೆ ಸಾಹೇಬರು ಕೊಡ್ಲಿಲ್ಲ ಅಂತ ಹೇಳಿ ಆರಾಮಾಗಿ ಇಲ್ಲೇ ಇರ್ತೀನಿ ಅಂದ್ಕೊಂಡಿದ್ದೆ."

ಮಧುಸೂದನ ಅವನ ಎರಡೂ ಕೈ ಹಿಡಿದುಕೊಂಡ. ಹಾಗಾದರೆ ಇನ್ನೂ ಹೊತ್ತು ಮೀರಿಲ್ಲ, ಈಗಲೇ ಹೋಗಿ ಸಾಹೇಬರಿಗೆ ಹೇಳಿ ಅದಲುಬದಲು ಮಾಡಿಕೊಳ್ಳೋಣ ಎಂದ. ಶೈಲೇಶನ ಮುಖ ಅರಳಿತು. ಇಬ್ಬರೂ ತಿರುಗಿದರೆ ಎದುರಿಗೆ ಅಪ್ಪಿ ನಿಂತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಗಂಡನ ಪಾಸ್‌ಪೋರ್ಟ್ ನಂಬರು ಬರೆದ ಚೀಟಿ.

"ಅಣ್ಣಾ, ನಿಮ್ಮ ಮಗಳ ಹೊಟ್ಟೆ ತಣ್ಣಗಿರ್ಲಿ," ಎಂದಳು ಅವಳು ತುಂಬಿದ ಮನಸ್ಸಿನಿಂದ. "ಈಗಷ್ಟೇ ಟಿಕೆಟ್ ಮಾಡಿದೆ. ವಾಪಸ್ ಮಾಡಕ್ಕಾಗದ್ದು, ಅದೇ ಸ್ವಲ್ಪ ಕಮ್ಮಿ ಬಂತು. ಅಪ್ಪನಿಗೂ ಹೇಳಿದೆ. ಅಳಿಯನಿಗೋಸ್ಕರ ಇನ್ನೂ ಒಂದು ವಾರ ರಜೆ ಕೇಳ್ಬೇಕಂತೆ."

ಶೈಲೇಶ ಕಾರಿನ ಬಾನೆಟ್ಟಿಗೆ ಒರಗಿ ನಿಂತ. ಮಧುಸೂದನ ಮೆಲ್ಲಗೆ ತನ್ನ ಫೋನು ತೆರೆದ. ಷಡ್ಡಕನಿಂದ ಒಂದು ಮೆಸೇಜ್ ಬಂದು ಕೂತಿತ್ತು. ಪಾವನಾ ಆಗಲೇ ವಿಷಯ ತಿಳಿಸಿದ್ದಳು. ಹೋಮಕ್ಕೆ ಕೂರಲು ತನಗೆ ರೇಷ್ಮೆ ಪಂಚೆ ಹಸಿರು ಅಂಚಿನದು ತರಲೋ ಕೆಂಪು ಅಂಚಿನದು ತರಲೋ ಎಂದು ಅವನು ಕೇಳಿದ್ದ.