ಮೂರನೇ ಪುಟದ ಕೂಗು

ಎಲ್ಲಕ್ಕೂ ಮೂಲ ಒಂದು ಪ್ಯಾಕಿಂಗ್ ಟೇಪಿನ ಸುರುಳಿ. ಅದನ್ನು ಉಗ್ರಾಣದಿಂದ ತೆಗೆದುಕೊಟ್ಟವನು ಸಭಾಂಗಣದ ಅಟೆಂಡರನೇ.

ಒಂಬತ್ತು ವರ್ಷದಿಂದ ಅವನು ಆ ಕಾಲೇಜಿನಲ್ಲಿ ತಾತ್ಕಾಲಿಕ. ಸೊಂಟದಲ್ಲಿ ಸದಾ ಬೀಗದ ಕೈಗೊಂಚಲು ತೂಗುತ್ತಿದ್ದುದರಿಂದ ವಿದ್ಯಾರ್ಥಿಗಳಿಗೆ ಬೀಗದಣ್ಣ. ಅವನನ್ನು ಖಾಯಂ ಮಾಡುವ ಆದೇಶ ಟೈಪಾಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಬಂದು ಕೂತಿತ್ತು; ಸಹಿಯೊಂದು ಬಾಕಿ.

"ಹನ್ನೊಂದಕ್ಕೆ ಭಾಷಣಕಾರರು ಬರ್ತಾರೆ," ಎಂದರು ಪ್ರಿನ್ಸಿಪಾಲರು. "ಹಿಂದಿನ ಐದು ಕಾಲೇಜಲ್ಲೂ ಗಲಾಟೆ ಆಗಿದೆ. ನಮ್ಮಲ್ಲಿ ಒಬ್ಬ ಕೂಗಿದ್ರೂ ಈ ಕಾಗದ ಕಸದ ಬುಟ್ಟಿಗೆ. ಸಭೆ ಸುಸೂತ್ರ ಮುಗೀತೋ, ಸಂಜೆ ಸಹಿ."

ಬೀಗದಣ್ಣ ಓಡಿದ. ಮೆಟ್ಟಿಲ ಮೇಲೆ ಮೂವತ್ತು ಜನ ಫಲಕ ಬರೆಯುತ್ತಿದ್ದರು. ಅವರ ಮುಂದಾಳು ಭೌತಶಾಸ್ತ್ರದ ಹುಡುಗಿ. ಕೆಳಗೆ ಪಿಸುಗುಟ್ಟಿದರೂ ಮೂರನೇ ಮಹಡಿಗೆ ಕೇಳುತ್ತಿದ್ದುದರಿಂದ ಅವಳ ಹೆಸರು ಕಹಳೆ.

"ತಾಯಿ, ಇವತ್ತೊಂದು ದಿನ ಕೂಗಬೇಡ."

"ಹಾಸ್ಟೆಲ್ ಹುಡುಗೀರೆಲ್ಲ ದಾರಿ ತಪ್ಪಿದೋರು ಅಂತ ಊರೂರಿಗೆ ಹೇಳ್ಕೊಂಡು ಬರ್ತಿದಾನೆ ಆ ಭಾಷಣಕಾರ, ಬೀಗದಣ್ಣ. ಕೈಕಟ್ಟಿ ಕೇಳಬೇಕಾ?"

"ಕೇಳಬೇಡ. ಕೂಗಲೂಬೇಡ. ನಮ್ಮ ಮನೆಯವಳು ಆಗಲೇ ತವರಿಗೆಲ್ಲ ಫೋನ್ ಮಾಡಿಬಿಟ್ಟಿದಾಳೆ, ಖಾಯಂ ಆಯ್ತು ಅಂತ."

ಕಹಳೆ ಕರಗಿದಳು. ಗುಂಪು ಹತ್ತು ನಿಮಿಷ ಚರ್ಚಿಸಿ ನಿರ್ಧಾರಕ್ಕೆ ಬಂತು: ಮೌನ ಪ್ರತಿಭಟನೆ. ಎಲ್ಲರ ಬಾಯಿಗೂ ಟೇಪು. ಭಾಷಣ ಮುಗಿಯುವವರೆಗೆ ಕೀಳುವಂತಿಲ್ಲ.

"ಟೇಪ್ ಎಲ್ಲಿದೆ?" ಎಂದು ಯಾರೋ ಕೇಳುವಷ್ಟರಲ್ಲಿ ಬೀಗದಣ್ಣ ಉಗ್ರಾಣದ ಬೀಗ ತೆಗೆದಾಗಿತ್ತು.

ಹನ್ನೊಂದಕ್ಕೆ ಸಭಾಂಗಣ ತುಂಬಿತು. ಮುಂದಿನ ಸಾಲುಗಳಲ್ಲಿ ಮೂವತ್ತು ಬಾಯಿಗಳು ಅಂಚೆಗೆ ಹಾಕಲು ಕಟ್ಟಿಟ್ಟ ಪಾರ್ಸೆಲ್ಲುಗಳಂತೆ ಕುಳಿತಿದ್ದವು. ಭಾಷಣದ ಹೆಸರು 'ನನ್ನ ಬಾಯಿ ಮುಚ್ಚಿಸುವವರಿಗೆ'. ಎರಡು ಪುಟ ಸರಾಗ ಹೋಯಿತು. ಮೂರನೆಯದರಲ್ಲಿ ಭಾಷಣಕಾರರು ತೋರುಬೆರಳೆತ್ತಿ, "ನೋಡಿ, ಇವರು ನನ್ನನ್ನು ಮಾತಾಡಲು ಬಿಡುತ್ತಿಲ್ಲ," ಎಂದು ಓದಿ ಕಾದರು.

ಫ್ಯಾನು ಕಿರುಗುಟ್ಟಿತು. ಇತಿಹಾಸದ ಮೇಷ್ಟ್ರು ಆಕಳಿಸಿದರು. ಭಾಷಣಕಾರರು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಓದಿದರು. ಹಿಂದೆ ಯಾರೋ ಕಿಸಕ್ಕೆಂದರು. ಭಾಷಣಕಾರರು ನೀರು ಬೇಕೆಂದು ಸನ್ನೆ ಮಾಡಿ ಬೀಗದಣ್ಣನನ್ನು ಕರೆದರು.

"ಏನಯ್ಯಾ ಇದು? ಮೂರರಿಂದ ಹದಿನಾಲ್ಕನೇ ಪುಟದವರೆಗೂ ಕೂಗೋರಿಗೆ ಉತ್ತರ ಬರ್ಕೊಂಡು ಬಂದಿದೀನಿ. ಯಾರೂ ಕೂಗದೆ ಇದ್ರೆ ಯಾರಿಗೆ ಕೊಡಲಿ?"

"ಟೇಪ್ ಹಾಕ್ಕೊಂಡಿದಾರೆ ಸಾರ್."

"ಎರಡು ನಿಮಿಷ ನೋಡ್ತೀನಿ. ಆಮೇಲೆ ಕಾಲೇಜು ನನಗೆ ಅವಮಾನ ಮಾಡ್ತು ಅಂತ ಹೇಳಿ ಹೊರಟೆ."

ಬೀಗದಣ್ಣ ಬೆನ್ನು ಬಗ್ಗಿಸಿ ಮೊದಲ ಸಾಲಿಗೆ ಓಡಿದ. "ತಾಯಿ, ಒಂದೇ ಒಂದು ಕೂಗು. ಸಣ್ಣದು."

ಕಹಳೆ ಇಲ್ಲವೆಂದು ತಲೆಯಾಡಿಸಿ ಫಲಕದ ಹಿಂದೆ ಬರೆದು ತೋರಿಸಿದಳು: 'ನಿಮಗೆ ಮಾತು ಕೊಟ್ಟಿದೀನಿ.'

ವೇದಿಕೆಯ ಮೇಲೆ ಭಾಷಣಕಾರರು ಕಾಗದ ಜೋಡಿಸತೊಡಗಿದ್ದರು. ಪ್ರಿನ್ಸಿಪಾಲರ ಹಣೆಯಲ್ಲಿ ಬೆವರು. ಅತಿಥಿ ಎದ್ದು ಹೋದರೆ ಸಹಿಯೂ ಹೋಯಿತು. ಬೀಗದಣ್ಣ ಹಿಂದಿನ ಕಂಬದ ಮರೆಗೆ ಸರಿದು ಕಣ್ಣು ಮುಚ್ಚಿದ.

"ನಿಲ್ಲಿಸ್ರೀ ನಿಮ್ಮ ಭಾಷಣ!"

ಒಂಬತ್ತು ವರ್ಷ 'ಹೂಂ ಸಾರ್' ಮಾತ್ರ ಅಂದಿದ್ದ ಗಂಟಲು ಸಭಾಂಗಣವನ್ನೇ ನಡುಗಿಸಿತು. ಕಂಬ ಅವನನ್ನು ಮರೆಮಾಡಿತ್ತು ನಿಜ. ಆದರೆ ಕೂಗಿದ ರಭಸಕ್ಕೆ ಕೈಗೊಂಚಲು ಝಣಝಣವೆಂದಿತು. ಅಷ್ಟೂ ತಲೆಗಳು ತಿರುಗಿದವು.

ಭಾಷಣಕಾರರು ಕರೆಂಟು ಬಂದ ಫ್ಯಾನಿನಂತೆ ಗಿರ್ರನೆ ಶುರುವಾದರು. ಪುಟಕ್ಕೊಮ್ಮೆ ನಿಂತು ಆಸೆಯಿಂದ ಕಂಬದ ಕಡೆ ನೋಡುತ್ತಿದ್ದರು. ಬೀಗದಣ್ಣನೂ ಇನ್ನೇನು ಉಳಿದಿದೆ ಎಂದು "ಸುಳ್ಳು," "ಸಾಕು" ಎಂದು ಒದಗಿಸುತ್ತಿದ್ದ. ಹಾಸ್ಟೆಲ್ ಹುಡುಗಿಯರ ಮಾತು ಬಂದಾಗ ಮಾತ್ರ ಅವರು ನೋಡುವ ಮೊದಲೇ ಕೂಗಿದ: "ನನ್ನ ಮಗಳೂ ಹಾಸ್ಟೆಲಲ್ಲೇ ಇದಾಳೆ ರೀ!"

ಅಂದಿನ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೆ. ಭಾಷಣಕಾರರಿಗೆ ಹನ್ನೆರಡನೇ ಪುಟವೇ ಸ್ವಲ್ಪ ಹೊತ್ತು ಸಿಗಲಿಲ್ಲ.

ಸಂಜೆ ಪ್ರಿನ್ಸಿಪಾಲರು ಕಾಗದವನ್ನು ನಾಲ್ಕು ಚೂರು ಮಾಡಿದರು. "ಇಡೀ ಸಭೆಯಲ್ಲಿ ಕೂಗಿದ್ದು ನೀನೊಬ್ಬನೇ ಕಣಯ್ಯಾ. ಕೈಗೊಂಚಲು ಇಟ್ಟು ಹೊರಡು."

ಗೇಟಿನ ಹತ್ತಿರ ಕಾರೊಂದು ನಿಂತಿತು. ಗಾಜು ಇಳಿಸಿದವರು ಭಾಷಣಕಾರರು.

"ಎಲ್ಲ ಕಾಲೇಜಲ್ಲೂ ಹೀಗೆ ಟೇಪ್ ಹಚ್ಕೊಂಡ್ರೆ ನಾನು ಕೆಟ್ಟೆ. ನಾಳೆಯಿಂದ ನನ್ನ ಜೊತೆ ಬಾ. ಮೂರನೇ ಪುಟಕ್ಕೆ ಸರಿಯಾಗಿ ಕೂಗಬೇಕು."

ಬೀಗದಣ್ಣ ಕಿಟಕಿಯ ಹತ್ತಿರ ಬಗ್ಗಿದ. "ಕೆಲಸ ಖಾಯಮ್ಮಾ ಸಾರ್?"

"ಸದ್ಯಕ್ಕೆ ತಾತ್ಕಾಲಿಕ," ಎಂದು ಅವರು ಗಾಜು ಏರಿಸತೊಡಗಿದರು. "ಆ ಮಗಳ ಮಾತು ಮಾತ್ರ ಇನ್ನೆಲ್ಲೂ ಆಡಕೂಡದು."